ಹಗುರವಾದ ವಾಫಲ್, ಮೇಲೊಂದಿಷ್ಟು ಬಿಸಿ ಹಣ್ಣು

ನ್ಯೂ ಜೆರ್ಸಿಯ ಎಡಿಸನ್‌ನಲ್ಲಿರುವ ನಮ್ಮ ಮನೆಯಲ್ಲಿ ವಾರಕ್ಕೆ ಎರಡು ದಿನ ಬೆಳಗಿನ ತಿಂಡಿಗೆ ವಾಫಲ್ ಮಾಡುತ್ತೇನೆ ಎಂದಾಗಲೆಲ್ಲ ಬೆಂಗಳೂರಿನ ಗೆಳತಿಯರು "ಬೆಳಿಗ್ಗೆ ಬೆಳಿಗ್ಗೆಯೇ ಅಷ್ಟೊಂದು ಸಿಹಿಯೇ?" ಎಂದು ಕೇಳುತ್ತಾರೆ. ಅವರು ಹಾಗೆ ಕೇಳುವುದು ಸಹಜ. ನಮ್ಮೂರಿನ ಬಹಳಷ್ಟು ಜನರಿಗೆ ವಾಫಲ್ ಪರಿಚಯವಾಗಿರುವುದು ಸಂಜೆಯ ಹೊತ್ತು ಚಾಕೊಲೇಟ್ ಸುರಿದು, ಐಸ್‌ಕ್ರೀಂ ಇಟ್ಟು ಕೊಡುವ ಅಂಗಡಿಗಳಿಂದ. ಇಲ್ಲಿನ ಹೋಟೆಲುಗಳಲ್ಲಿ ಅದು ಬೆಳಗಿನ ತಿಂಡಿಯೇ ಆದರೂ ತಟ್ಟೆಗೆ ಬರುವಾಗ ಬೆಣ್ಣೆಯ ಉಂಡೆಯನ್ನು ಹೊತ್ತು, ಮೇಪಲ್ ಸಿರಪ್‌ನಲ್ಲಿ ನೆಂದು ಬಂದಿರುತ್ತದೆ. ಅದನ್ನು ತಿಂದು ಎದ್ದವರಿಗೆ ಹತ್ತು ಗಂಟೆಗೆಲ್ಲ ಕಣ್ಣು ಎಳೆಯುವುದನ್ನು ನಾನೇ ಅನುಭವಿಸಿದ್ದೇನೆ.

ಆದರೂ ಈ ತಿಂಡಿಯನ್ನು ಬಿಡಬೇಕು ಎಂದು ನನಗೆ ಅನಿಸಿಲ್ಲ. ವಾಫಲ್‌ನ ಭಾರದ ಬಹುಪಾಲು ಅದರ ಮೇಲೆ ಬೀಳುವ ಪದಾರ್ಥಗಳಿಂದ ಬರುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಒಂದು ದೊಡ್ಡ ಚಮಚ ಬೆಣ್ಣೆಯಲ್ಲಿ ಸುಮಾರು 100 ಕ್ಯಾಲೊರಿ ಇರುತ್ತದೆ. ಅಷ್ಟೇ ಅಳತೆಯ ಮೇಪಲ್ ಸಿರಪ್‌ನಲ್ಲಿ 50ಕ್ಕೂ ಸ್ವಲ್ಪ ಹೆಚ್ಚು ಇರುತ್ತದೆ, ಮತ್ತು ಸಿರಪ್ಪನ್ನು ಯಾರೂ ಒಂದೇ ಚಮಚಕ್ಕೆ ನಿಲ್ಲಿಸುವುದಿಲ್ಲ. ನಾಲ್ಕು ಚಮಚ ಎಂದರೆ 200 ದಾಟಿತು. ಅದೇ ಒಂದು ಕಪ್ ತುಂಬ ಬ್ಲೂಬೆರ್ರಿಯಲ್ಲಿ ಇರುವುದು 84 ಕ್ಯಾಲೊರಿ, ಜೊತೆಗೆ ಮೂರೂವರೆ ಗ್ರಾಂನಷ್ಟು ನಾರು. ಹಾಗಾಗಿ ಹಣ್ಣನ್ನು ಅಲಂಕಾರಕ್ಕೆಂದು ನಾಲ್ಕು ಚೂರು ಉದುರಿಸದೆ, ಸಿರಪ್ ಇರುತ್ತಿದ್ದ ಜಾಗವನ್ನು ಪೂರ್ತಿಯಾಗಿ ಅದಕ್ಕೇ ಬಿಟ್ಟುಕೊಡಬೇಕು.

ಹಣ್ಣಿನ ಈ ಜೊತೆಗಾರಿಕೆ ಇಲ್ಲಿಗೆ ಹೊಸದೂ ಅಲ್ಲ. 1964ರಲ್ಲಿ ನಮ್ಮ ಮನೆಯಿಂದ ಹೆಚ್ಚು ದೂರವಿಲ್ಲದ, ನ್ಯೂಯಾರ್ಕ್ ನಗರದ ಫ್ಲಶಿಂಗ್ ಮೆಡೋಸ್‌ನಲ್ಲಿ ವಿಶ್ವಮೇಳ ನಡೆದಾಗ ಬೆಲ್ಜಿಯಂನ ಮೊರಿಸ್ ವರ್ಮೆರ್ಶ್ ಎಂಬವರ ಕುಟುಂಬ ಸ್ಟ್ರಾಬೆರ್ರಿ ಮತ್ತು ಕಡೆದ ಕೆನೆಯನ್ನು ಇಟ್ಟು ವಾಫಲ್ ಮಾರಿತು; 'ಬೆಲ್ಜಿಯನ್ ವಾಫಲ್' ಎಂಬ ಹೆಸರು ಅಮೆರಿಕದಲ್ಲಿ ಮನೆಮಾತಾದದ್ದು ಆ ಮೇಳದಿಂದ. ಬೆಲ್ಜಿಯಂನಲ್ಲಿ ಮಾತ್ರ ಅದು ಬೀದಿಯಲ್ಲಿ ನಿಂತು ತಿನ್ನುವ ಕುರುಕಲು. ಅಲ್ಲಿನ ಲಿಯೇಜ್ ವಾಫಲ್ ಸಕ್ಕರೆಯ ಹರಳು ಸೇರಿಸಿದ ಗಟ್ಟಿ ಕಣಕದ್ದು, ತೂಕದ್ದು. ಬ್ರಸೆಲ್ಸ್ ವಾಫಲ್ ಅದಕ್ಕೆ ತದ್ವಿರುದ್ಧ: ಯೀಸ್ಟ್‌ನಿಂದಲೋ ನೊರೆ ಬರುವಂತೆ ಕಡೆದ ಮೊಟ್ಟೆಯ ಬಿಳಿಯಿಂದಲೋ ಉಬ್ಬಿ, ಹೊರಗೆ ಗರಿಗರಿಯಾಗಿ ಒಳಗೆ ಬಹುತೇಕ ಗಾಳಿಯೇ ತುಂಬಿಕೊಂಡಿರುತ್ತದೆ. ಬೆಳಗಿನ ತಿಂಡಿಗೆ ನಾನು ಆರಿಸಿಕೊಂಡ ಮಾದರಿ ಇದು.

ಕೆಲಸದ ದಿನ ಬೆಳಿಗ್ಗೆ ಮೊಟ್ಟೆ ಕಡೆಯುತ್ತಾ ಕೂರಲು ಸಮಯವೆಲ್ಲಿದೆ ಎಂದು ಕೇಳುವವರಿಗೆ ನನ್ನ ಕ್ರಮವನ್ನು ಹೇಳುತ್ತೇನೆ. ಮುಕ್ಕಾಲು ಕಪ್ ಗೋಧಿ ಹಿಟ್ಟು, ಅರ್ಧ ಕಪ್ ಪುಡಿ ಮಾಡಿದ ಓಟ್ಸ್, ಒಂದು ದೊಡ್ಡ ಚಮಚ ಕಾರ್ನ್‌ಫ್ಲೋರ್, ಒಂದೂವರೆ ಚಿಕ್ಕ ಚಮಚ ಬೇಕಿಂಗ್ ಪೌಡರ್, ಕಾಲು ಚಿಕ್ಕ ಚಮಚ ಸೋಡಾ, ಚಿಟಿಕೆ ಉಪ್ಪು, ಒಂದು ಚಿಕ್ಕ ಚಮಚ ಸಕ್ಕರೆ, ಇಷ್ಟನ್ನೂ ಹಿಂದಿನ ರಾತ್ರಿಯೇ ಒಂದು ಡಬ್ಬಿಯಲ್ಲಿ ಬೆರೆಸಿಡುತ್ತೇನೆ. ಬೆಳಿಗ್ಗೆ ಎದ್ದ ಕೂಡಲೇ ವಾಫಲ್ ಮೇಕರ್‌ನ ಸ್ವಿಚ್ ಹಾಕುತ್ತೇನೆ. ಅದು ಕಾಯುವಷ್ಟರಲ್ಲಿ ಎರಡು ಮೊಟ್ಟೆಯ ಹಳದಿ, ಒಂದು ಕಪ್ ಗಟ್ಟಿ ಮಜ್ಜಿಗೆ ಮತ್ತು ಎರಡು ದೊಡ್ಡ ಚಮಚ ಎಣ್ಣೆಯನ್ನು ಡಬ್ಬಿಯ ಹಿಟ್ಟಿಗೆ ಸೇರಿಸಿ, ಸಣ್ಣಪುಟ್ಟ ಗಂಟು ಉಳಿದರೂ ಚಿಂತಿಸದೆ ಕಲಸಿ, ಬಿಳಿಯನ್ನು ಬೇರೆ ಪಾತ್ರೆಯಲ್ಲಿ ಮೃದುವಾದ ನೊರೆಯಾಗಿ ನಿಲ್ಲುವವರೆಗೆ ಕಡೆದು, ಕೊನೆಯಲ್ಲಿ ಆ ನೊರೆ ಒಡೆಯದಂತೆ ಅಗಲವಾದ ಸೌಟಿನಿಂದ ಅಡಿಯಿಂದ ಮೇಲಕ್ಕೆ ಮಗುಚಿ ಬೆರೆಸುತ್ತೇನೆ. ಕೈಯಿಂದ ಕಡೆದರೂ ಇದಕ್ಕೆ ಹಿಡಿಯುವುದು ಎರಡು ಮೂರು ನಿಮಿಷ. ನಾಲ್ಕು ವಾಫಲ್ ತಟ್ಟೆಗೆ ಬರಲು ಒಟ್ಟು ಇಪ್ಪತ್ತೈದು ನಿಮಿಷ ಸಾಕು.

ಅವಸರ ಪಡಬಾರದ ಜಾಗ ಒಂದೇ ಒಂದು ಇದೆ, ಅದು ಮುಚ್ಚಳ. ಹಿಟ್ಟು ಹಾಕಿ ಮುಚ್ಚಿದೊಡನೆ ಅಂಚುಗಳಿಂದ ಹಬೆ ಭರ್ರೆಂದು ನುಗ್ಗುತ್ತದೆ; ಹಿಟ್ಟಿನ ನೀರು ಆವಿಯಾಗಿ ಹೊರಬೀಳುತ್ತಿದೆ ಎಂದು ಅದರ ಅರ್ಥ. ಆಗಲೇ ಇಣುಕಿ ನೋಡಲು ಮುಚ್ಚಳ ಎತ್ತಿದರೆ ಅರ್ಧ ವಾಫಲ್ ಮೇಲಿನ ಬಿಲ್ಲೆಗೆ, ಇನ್ನರ್ಧ ಕೆಳಗಿನದಕ್ಕೆ ಅಂಟಿಕೊಂಡು ನಡುವೆ ಸೀಳಿಹೋಗುತ್ತದೆ. ಹಬೆ ತಗ್ಗಿ, ಬರೀ ಒಂದು ಎಳೆಯಷ್ಟು ಉಳಿದಾಗ ತೆಗೆದರೆ ಅಂಚು ತಾನಾಗಿ ಬಿಟ್ಟುಕೊಂಡಿರುತ್ತದೆ. ದೋಸೆ ಹುಯ್ದು ಅಭ್ಯಾಸವಿರುವ ನಮಗೆ ಕಾವಲಿಯ ಹದ ಹೊಸದಾಗಿ ಹೇಳಿಕೊಡಬೇಕಾದ ವಿಷಯವಲ್ಲ, ಆದರೆ ದೋಸೆಯ ಹಾಗೆ ಇದನ್ನು ಒಂದರ ಮೇಲೊಂದು ಪೇರಿಸಬೇಡಿ. ತಂತಿಯ ಜಾಲರಿಯ ಮೇಲೆ ಬಿಡಿಬಿಡಿಯಾಗಿ ಇಟ್ಟರೆ ಕೆಳಗಿನ ಹಬೆಯೂ ಹೊರಹೋಗಿ ಗರಿಗರಿ ಉಳಿಯುತ್ತದೆ. ಕಳೆದ ಬೇಸಿಗೆಯಲ್ಲಿ ಇಲ್ಲಿಗೆ ಬಂದಿದ್ದ ಅಮ್ಮ, ಸ್ನಾನ ಮುಗಿಸಿ ತಡವಾಗಿ ಬಂದು ಕುಳಿತು, ಒಂದು ತುಂಡು ಮುರಿದು, "ಆರಿದರೂ ಮೆತ್ತಗಾಗಿಲ್ಲ ನೋಡೇ" ಎಂದದ್ದು ಈ ಜಾಲರಿಯ ಕೃಪೆಯಿಂದ. ಮೊಟ್ಟೆ ತಿನ್ನದವರಿಗೆ ಮಜ್ಜಿಗೆಯನ್ನೂ ಸೋಡಾವನ್ನೂ ತುಸು ಹೆಚ್ಚಿಸಿ ಮಾಡಬಹುದು. ರುಚಿಗೆ ಕೊರತೆಯಿಲ್ಲವಾದರೂ ಆ ಗಾಳಿಯಂತಹ ಹಗುರ ಅದರಲ್ಲಿ ಬರುವುದಿಲ್ಲ ಎಂಬುದನ್ನು ಒಪ್ಪಿಕೊಳ್ಳಲೇಬೇಕು.

ಇನ್ನು ಹಣ್ಣು. ಈ ರಾಜ್ಯದಲ್ಲಿದ್ದುಕೊಂಡು ಬ್ಲೂಬೆರ್ರಿಯನ್ನು ಬಿಟ್ಟು ಬೇರೆ ಹಣ್ಣಿನಿಂದ ಶುರುಮಾಡಲು ನನ್ನ ಮನಸ್ಸು ಒಪ್ಪುವುದಿಲ್ಲ. ಕಾಡುಗಿಡವಾಗಿದ್ದ ಹೈಬುಷ್ ಬ್ಲೂಬೆರ್ರಿಯನ್ನು ತೋಟದ ಬೆಳೆಯಾಗಿ ಪಳಗಿಸಿದ್ದು ಇದೇ ನ್ಯೂ ಜೆರ್ಸಿಯ ವೈಟ್ಸ್‌ಬಾಗ್‌ನಲ್ಲಿ. ಎಲಿಜಬೆತ್ ವೈಟ್ ಎಂಬ ಕೃಷಿಕ ಮಹಿಳೆ ಅಲ್ಲಿನ ಕಾಡು ಬಲ್ಲವರಿಂದ ಒಳ್ಳೆಯ ಹಣ್ಣಿನ ಪೊದೆಗಳನ್ನು ಹುಡುಕಿಸಿ, ಸಸ್ಯವಿಜ್ಞಾನಿ ಫ್ರೆಡರಿಕ್ ಕೋವಿಲ್ ಅವರ ಜೊತೆ ಸೇರಿ ತಳಿ ಬೆಳೆಸಿ, 1916ರಲ್ಲಿ ಮೊದಲ ಫಸಲನ್ನು ಮಾರುಕಟ್ಟೆಗೆ ಕಳಿಸಿದರು. ಜುಲೈ ತಿಂಗಳಲ್ಲಿ ನಾವೇ ಹಣ್ಣು ಬಿಡಿಸಿಕೊಳ್ಳಬಹುದಾದ ತೋಟಗಳಿಗೆ ಹೋಗಿ ಬಕೆಟ್ ತುಂಬ ತಂದು, ತಟ್ಟೆಯಲ್ಲಿ ಒಂದೇ ಪದರವಾಗಿ ಹರಡಿ ಫ್ರೀಜರ್‌ನಲ್ಲಿ ಗಟ್ಟಿಮಾಡಿ ಚೀಲಗಳಿಗೆ ತುಂಬಿಡುತ್ತೇನೆ. ಹಾಗೆ ಮಾಡಿದರೆ ಹಿಮ ಬೀಳುವ ಜನವರಿಯಲ್ಲೂ ಗೋಲಿಗಳಂತೆ ಬಿಡಿಬಿಡಿಯಾಗಿ ಕೈಗೆ ಸಿಗುತ್ತವೆ.

ವಾಫಲ್ ಬೇಯುತ್ತಿರುವಾಗ ಒಂದು ಕಪ್ ಹಣ್ಣನ್ನು ಸಣ್ಣ ಪಾತ್ರೆಗೆ ಹಾಕಿ, ನೀರು ಸೇರಿಸದೆ, ನಡು ಉರಿಯಲ್ಲಿ ಇಡುತ್ತೇನೆ. ಮೊದಲು ಮೇಲಿನ ಬಿಳಿ ಮಂಜು ಕರಗುತ್ತದೆ, ಮತ್ತೆರಡು ನಿಮಿಷಕ್ಕೆ ಒಂದೊಂದಾಗಿ ಸಿಪ್ಪೆ ಬಿರಿದು ಕಡುನೇರಳೆಯ ರಸ ಬಿಡಲು ತೊಡಗುತ್ತವೆ. ಅರ್ಧದಷ್ಟು ಹಣ್ಣು ಒಡೆದು, ಇನ್ನರ್ಧ ಇಡಿಯಾಗಿ ಇರುವಾಗಲೇ ಇಳಿಸಿ ನಾಲ್ಕು ಹನಿ ನಿಂಬೆರಸ ಹಿಂಡಬೇಕು. ವಾಫಲ್‌ನ ಗುಳಿಗಳು ಈ ರಸವನ್ನು ಹಿಡಿದಿಡಲೆಂದೇ ಮಾಡಿದಂತಿವೆ. ಆದರೆ ಬಡಿಸಿದ ಕೂಡಲೇ ತಿನ್ನಬೇಕು, ಐದು ನಿಮಿಷ ಬಿಟ್ಟರೆ ಅಷ್ಟು ಕಷ್ಟಪಟ್ಟು ಉಳಿಸಿಕೊಂಡ ಗರಿ ಹೋಗಿಬಿಡುತ್ತದೆ. ಜೂನ್‌ನಲ್ಲಿ ಸ್ಟ್ರಾಬೆರ್ರಿ, ಆಗಸ್ಟ್‌ನಲ್ಲಿ ಪೀಚ್ ಸಿಗುವಾಗ ಅವನ್ನು ಬಿಸಿ ಮಾಡುವ ಅಗತ್ಯವೂ ಇಲ್ಲ, ಹೆಚ್ಚಿ ಹತ್ತು ನಿಮಿಷ ಬಿಟ್ಟರೆ ತಮ್ಮ ರಸ ತಾವೇ ಬಿಡುತ್ತವೆ. ಬೆಣ್ಣೆಯ ಜಾಗದಲ್ಲಿ ಒಂದು ಚಮಚ ಗಟ್ಟಿ ಮೊಸರು ಇಟ್ಟರೆ ಹಣ್ಣಿನ ಹುಳಿ-ಸಿಹಿಗೆ ಚೆನ್ನಾಗಿ ಹೊಂದುತ್ತದೆ.

ಮಿಕ್ಕ ವಾಫಲ್ ಪೂರ್ತಿ ಆರಿದ ಮೇಲೆ ಫ್ರೀಜರ್‌ಗೆ ಹೋಗುತ್ತದೆ. ಗುರುವಾರ ಬೆಳಿಗ್ಗೆ ಮಗಳು ಶಾಲೆಗೆ ಹೊರಡುವ ಹೊತ್ತಿಗೆ ಅದನ್ನು ಟೋಸ್ಟರ್‌ಗೆ ಹಾಕಿ, ಪಕ್ಕದ ಒಲೆಯಲ್ಲಿ ಹಣ್ಣಿಟ್ಟರೆ ಐದು ನಿಮಿಷದಲ್ಲಿ ತಿಂಡಿ ಸಿದ್ಧ. ಕಳೆದ ಜುಲೈಯ ಚೀಲಗಳಲ್ಲಿ ಇನ್ನು ಎರಡು ಮಾತ್ರ ಉಳಿದಿವೆ.