ಮಗುವಿನ ಫೈಲಿನಲ್ಲಿ ತಪ್ಪು ಲೆಕ್ಕದ ಹಾಳೆಯೂ ಇರಲಿ

ಈಗ ತುಂಬಾ ಶಾಲೆಗಳಲ್ಲಿ ಪೋರ್ಟ್‌ಫೋಲಿಯೊ ಮಾಡಿಸುತ್ತಾರೆ. ವರ್ಷವಿಡೀ ಮಗು ಮಾಡಿದ ಕೆಲಸವನ್ನು ಒಂದು ಕಡೆ ಕೂಡಿಟ್ಟು, ಅದನ್ನು ನೋಡಿ ಮಗು ಏನು ಕಲಿತಿದೆ ಅಂತ ತಿಳಿಯುವ ಪದ್ಧತಿ ಇದು. ನಾನು ಇದನ್ನು ಮನಸಾರೆ ಒಪ್ಪುತ್ತೇನೆ. ಅದಕ್ಕೇ, ಇದನ್ನು ಹಲವು ಕಡೆ ನಡೆಸುತ್ತಿರುವ ರೀತಿ ನೋಡಿದರೆ ಸಂಕಟವಾಗುತ್ತದೆ.

ಫೈಲ್ ತೆರೆದರೆ ಸಾಮಾನ್ಯವಾಗಿ ಏನಿರುತ್ತದೆ? ಬಣ್ಣಬಣ್ಣದ ಮುಖಪುಟ. ಇಂಟರ್‌ನೆಟ್‌ನಿಂದ ತೆಗೆದ ಪ್ರಿಂಟ್‌ಔಟ್‌ಗಳು. ಒಂದೂ ಚಿತ್ತಿಲ್ಲದ, ದುಂಡು ಅಕ್ಷರದ ಪುಟಗಳು. ಒಳ್ಳೆಯ ಅಂಕ ಬಂದ ಟೆಸ್ಟ್ ಪೇಪರ್‌ಗಳು ಮಾತ್ರ. ಇಡೀ ತರಗತಿಯ ಫೈಲ್‌ಗಳು ಒಂದೇ ಥರ ಇರುತ್ತವೆ. ರಾತ್ರಿ ಕೂತು ಅಂಟಿಸಿ, ಕತ್ತರಿಸಿ ಮುಗಿಸಿದ್ದು ಅಪ್ಪ ಅಮ್ಮ ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ಪಾಪ, ಅವರದ್ದು ತಪ್ಪಲ್ಲ. ಫೈಲ್ ಚೆನ್ನಾಗಿ ಕಾಣಬೇಕು ಅಂತ ಶಾಲೆ ಕೇಳಿದೆ, ಅವರು ಚೆನ್ನಾಗಿ ಕಾಣುವಂತೆ ಮಾಡಿದ್ದಾರೆ. ಆದರೆ ಅದನ್ನು ಎಷ್ಟು ಹೊತ್ತು ತಿರುವಿ ಹಾಕಿದರೂ ಆ ಮಗುವಿಗೆ ಏನು ಬರುತ್ತದೆ, ಎಲ್ಲಿ ತೊಡಕಿದೆ ಅಂತ ಒಂದು ಮಾತೂ ಸಿಗುವುದಿಲ್ಲ.

ಒಂದು ಲೆಕ್ಕ ತೆಗೆದುಕೊಳ್ಳಿ. 52ರಲ್ಲಿ 27 ಕಳೆಯಬೇಕು. ಮಗು 35 ಅಂತ ಬರೆದಿದೆ. ಪರೀಕ್ಷೆಯಲ್ಲಿ ಇದಕ್ಕೆ ಸೊನ್ನೆ, ಅಲ್ಲಿಗೆ ಮುಗಿಯಿತು. ಆದರೆ ಆ 35 ಸುಮ್ನೆ ಬಂದದ್ದಲ್ಲ. ಬಿಡಿ ಸ್ಥಾನದಲ್ಲಿ 2ರಿಂದ 7 ಕಳೆಯಲು ಆಗದೆ ಮಗು ತಿರುಗಿಸಿ 7ರಿಂದ 2 ಕಳೆದಿದೆ. ‘ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು’ ಅಂತ ಎಂದೋ ಕೇಳಿದ್ದನ್ನು ಒಂದೊಂದು ಅಂಕಿಗೂ ಹಚ್ಚಿದೆ. ಅಂದರೆ ಮಗು ಯೋಚಿಸಿದೆ, ನಿಯಮವನ್ನೂ ಪಾಲಿಸಿದೆ. ಹತ್ತರ ಸ್ಥಾನ ಅಂದರೇನು ಅನ್ನುವುದು ಮಾತ್ರ ಇನ್ನೂ ಮನಸ್ಸಿಗೆ ಕೂತಿಲ್ಲ. ಸ್ವಲ್ಪ ದಿನದ ಮೇಲೆ ಅದೇ ಮಗು ಹತ್ತು ಹತ್ತು ಕಡ್ಡಿಗಳ ಕಟ್ಟು ಬರೆದು, ಅದರಲ್ಲಿ ಒಂದು ಕಟ್ಟು ಬಿಚ್ಚಿ, 25 ಅಂತ ಉತ್ತರ ತರುತ್ತದೆ. ಆಮೇಲೆ ಚಿತ್ರವೂ ಬೇಡವಾಗುತ್ತದೆ. 27ಕ್ಕೆ 3 ಸೇರಿಸಿದರೆ 30, ಅದಕ್ಕೆ 22 ಸೇರಿಸಿದರೆ 52, ಹಾಗಾಗಿ 25 ಅಂತ ತಾನೇ ಒಂದು ದಾರಿ ಹುಡುಕಿಕೊಳ್ಳುತ್ತದೆ.

ಈ ಮೂರು ಹಾಳೆಗೆ ತಾರೀಕು ಹಾಕಿ ಒಂದರ ಹಿಂದೆ ಒಂದು ಇಡಿ. ಅದು ಪೋರ್ಟ್‌ಫೋಲಿಯೊ. ಮೊದಲನೇ ಹಾಳೆ ತೆಗೆದುಬಿಟ್ಟರೆ ಉಳಿದ ಎರಡಕ್ಕೆ ಅರ್ಧ ಬೆಲೆಯೂ ಇಲ್ಲ. ಆದರೆ ನಮ್ಮ ಶಾಲೆಗಳ ಫೈಲ್‌ಗಳಿಂದ ಮೊದಲು ಹೊರಗೆ ಹೋಗುವುದೇ ಆ ಹಾಳೆ. ಬರವಣಿಗೆಯಲ್ಲೂ ಹೀಗೇ. ಪ್ರಬಂಧದ ಮೊದಲ ಕರಡು, ಟೀಚರ್ ಕೇಳಿದ ಪ್ರಶ್ನೆ, ತಿದ್ದಿದ ಕರಡು, ಕೊನೆಯ ಪ್ರತಿ ಎಲ್ಲವೂ ಜೊತೆಗಿರಬೇಕು. ಬರೀ ಕೊನೆಯ ಪ್ರತಿ ಇಟ್ಟರೆ ಅದು ಪ್ರದರ್ಶನ ಆಗುತ್ತದೆ.

ಇನ್ನೊಂದು ಮುಖ್ಯ ಮಾತು. ಯಾವ ಹಾಳೆ ಫೈಲಿಗೆ ಹೋಗಬೇಕು ಅಂತ ಆರಿಸುವುದರಲ್ಲಿ ಮಗುವಿಗೆ ಪಾಲು ಇರಲೇಬೇಕು. ‘ಇದನ್ನು ಯಾಕೆ ಇಟ್ಟೆ? ಇದರಲ್ಲಿ ಯಾವುದು ಕಷ್ಟ ಆಯ್ತು?’ ಅಂತ ಕೇಳಿ, ಎರಡು ಸಾಲು ಅದರ ಕೈಯಲ್ಲೇ ಬರೆಸಬೇಕು. ಚಿಕ್ಕ ಮಕ್ಕಳಾದರೆ ಹೇಳಿದ್ದನ್ನು ಟೀಚರ್ ಬರೆದುಕೊಂಡರೂ ಸಾಕು. ತನ್ನ ಕೆಲಸವನ್ನು ತಾನೇ ತೂಗಿ ನೋಡುವುದನ್ನು ಬೇರೆ ಯಾವ ಪರೀಕ್ಷೆಯೂ ಮಗುವಿಗೆ ಕಲಿಸುವುದಿಲ್ಲ.

ಫೈಲಿನ ಪ್ರತಿ ಹಾಳೆಗೂ ಅಂಕ ಕೊಡುವ ಅಭ್ಯಾಸ ನನಗೆ ಸ್ವಲ್ಪವೂ ಇಷ್ಟವಿಲ್ಲ. 1988ರಲ್ಲಿ ರೂತ್ ಬಟ್ಲರ್ ಇಸ್ರೇಲ್‌ನ ಶಾಲಾ ಮಕ್ಕಳ ಮೇಲೆ ಮಾಡಿದ ಅಧ್ಯಯನ ಒಂದಿದೆ. ಕೆಲವು ಮಕ್ಕಳಿಗೆ ಬರೀ ಅಂಕ, ಕೆಲವರಿಗೆ ಬರೀ ಟಿಪ್ಪಣಿ, ಇನ್ನು ಕೆಲವರಿಗೆ ಎರಡನ್ನೂ ಕೊಟ್ಟರು. ಮುಂದಿನ ಕೆಲಸದಲ್ಲಿ ಸುಧಾರಿಸಿದ್ದು ಬರೀ ಟಿಪ್ಪಣಿ ಸಿಕ್ಕ ಮಕ್ಕಳು. ಎರಡೂ ಸಿಕ್ಕವರ ಸ್ಥಿತಿ ಬರೀ ಅಂಕ ಸಿಕ್ಕವರಿಗಿಂತ ಏನೂ ಚೆನ್ನಾಗಿರಲಿಲ್ಲ. ಅಂಕ ಕಂಡ ಮೇಲೆ ಟಿಪ್ಪಣಿಯನ್ನು ಯಾರು ಓದುತ್ತಾರೆ, ಅಲ್ವಾ? ‘ಚೆನ್ನಾಗಿದೆ’, ‘ಇನ್ನೂ ಸುಧಾರಿಸಬೇಕು’ ಅನ್ನುವುದನ್ನು ನಾನು ಟಿಪ್ಪಣಿ ಅಂತ ಒಪ್ಪುವುದಿಲ್ಲ. ‘ಎರಡನೇ ಪ್ಯಾರಾದಲ್ಲಿ ಕಾರಣ ಹೇಳಿದ್ದೀಯ, ಆದರೆ ಒಂದೂ ಉದಾಹರಣೆ ಕೊಟ್ಟಿಲ್ಲ’ ಅಂದರೆ ಮಗುವಿಗೆ ಮುಂದೆ ಏನು ಮಾಡಬೇಕು ಅಂತ ತಿಳಿಯುತ್ತದೆ.

ಇದೇ ಫೈಲ್‌ನಿಂದ ಶಾಲೆ ಶಾಲೆಗಳನ್ನು ಹೋಲಿಸಲು ಹೊರಟವರೂ ಇದ್ದಾರೆ. ಅಮೆರಿಕದ ವರ್ಮಾಂಟ್ ರಾಜ್ಯ 1990ರ ದಶಕದ ಆರಂಭದಲ್ಲಿ 4 ಮತ್ತು 8ನೇ ತರಗತಿಯ ಗಣಿತ ಮತ್ತು ಬರವಣಿಗೆಗೆ ರಾಜ್ಯದಾದ್ಯಂತ ಪೋರ್ಟ್‌ಫೋಲಿಯೊ ತಂದಿತು. ರ‍್ಯಾಂಡ್ ಸಂಸ್ಥೆಯ ಸಂಶೋಧಕರು ಅದನ್ನು ಪರಿಶೀಲಿಸಿದರು. ಒಂದೇ ಫೈಲನ್ನು ಇಬ್ಬರು ನೋಡಿದರೆ ಇಬ್ಬರೂ ಬೇರೆ ಬೇರೆ ಅಂಕ ಕೊಡುತ್ತಿದ್ದರು. ಮೊದಲ ವರ್ಷವಂತೂ ಆ ಅಂಕಗಳನ್ನು ನಂಬಿ ಹೋಲಿಕೆ ಮಾಡುವ ಸ್ಥಿತಿಯೇ ಇರಲಿಲ್ಲ. ಆದರೆ ಅದೇ ವರದಿಗಳಲ್ಲಿ ಇನ್ನೊಂದು ವಿಷಯವೂ ಇತ್ತು. ಪಾಠ ಮಾಡುವ ರೀತಿ ಬದಲಾಗಿದೆ, ಸಮಸ್ಯೆ ಬಿಡಿಸುವುದಕ್ಕೆ ಜಾಸ್ತಿ ಸಮಯ ಕೊಡುತ್ತಿದ್ದೇವೆ ಅಂತ ಬಹಳ ಟೀಚರ್‌ಗಳು ಹೇಳಿದ್ದರು. ಸಮಯ ವಿಪರೀತ ಹಿಡಿಯುತ್ತದೆ ಅಂತಲೂ ದೂರಿದ್ದರು. ಕೆಂಟಕಿ ರಾಜ್ಯವೂ ಶಾಲೆಗಳ ಮೌಲ್ಯಮಾಪನದಲ್ಲಿ ಬರವಣಿಗೆಯ ಪೋರ್ಟ್‌ಫೋಲಿಯೊ ಸೇರಿಸಿತ್ತು, 2009ರಲ್ಲಿ ಕಾನೂನು ಮಾಡಿ ಕೈಬಿಟ್ಟಿತು.

ಇದನ್ನು ನೋಡಿ ‘ಪೋರ್ಟ್‌ಫೋಲಿಯೊ ಸೋತಿತು’ ಅನ್ನುವವರ ಮಾತನ್ನು ನಾನು ಒಪ್ಪಲಾರೆ. ಮಗುವಿಗೆ ಮತ್ತು ಟೀಚರ್‌ಗೆ ದಾರಿ ತೋರಿಸಲು ಇರುವುದನ್ನು ರ‍್ಯಾಂಕ್ ಕೊಡಲು ಬಳಸಿದರೆ ಇನ್ನೇನಾಗುತ್ತದೆ? ಹೋಲಿಕೆ ಬೇಕಾದರೆ ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ ಇರುವ ಪರೀಕ್ಷೆ ಇದೆ, ಅದು ಇರಲಿ. ಫೈಲನ್ನು ಅದರ ಪಾಡಿಗೆ ಬಿಡಿ. ಆದರೂ ಟೀಚರ್‌ಗಳು ಆಗಾಗ ಒಟ್ಟಿಗೆ ಕೂತು ನಾಲ್ಕೈದು ಫೈಲ್‌ಗಳನ್ನು ಅದಲುಬದಲು ಮಾಡಿ ಓದುವುದು ಬಹಳ ಒಳ್ಳೆಯದು. ‘ಇದನ್ನು ನೀವು ಯಾಕೆ ಒಳ್ಳೆಯ ಬರಹ ಅಂದಿರಿ?’ ಅಂತ ಒಬ್ಬರನ್ನೊಬ್ಬರು ಕೇಳಿಕೊಂಡಾಗಲೇ ಕಣ್ಣು ಪಳಗುವುದು.

‘ಕೆಲಸ ಮಗುವಿನದೇ ಅಂತ ಏನು ಗ್ಯಾರಂಟಿ?’ ಅಂತ ಕೇಳುತ್ತಾರೆ. ಈಗ ಎಐ ಬೇರೆ ಬಂದಿದೆ. ನ್ಯಾಯವಾದ ಪ್ರಶ್ನೆ. ಅದಕ್ಕೇ ಮೊದಲ ಕರಡು ತರಗತಿಯಲ್ಲೇ ಆಗಬೇಕು ಅನ್ನುವುದು. ಜೊತೆಗೆ ಐದು ನಿಮಿಷ ಮಗುವಿನ ಪಕ್ಕ ಕೂತು ‘ಈ ಸಾಲು ಯಾಕೆ ಬದಲಿಸಿದೆ?’ ಅಂತ ಕೇಳಿದರೆ ಬೇಗ ತಿಳಿದುಬಿಡುತ್ತದೆ.

ಇಷ್ಟಕ್ಕೆಲ್ಲ ಟೀಚರ್‌ಗೆ ಪುರುಸೊತ್ತು ಎಲ್ಲಿದೆ? ಈಗಿನಂತೆ ಎಲ್ಲ ವಿಷಯಕ್ಕೂ ದಪ್ಪ ಫೈಲ್ ಕೇಳಿದರೆ ಖಂಡಿತ ಇಲ್ಲ. ಒಂದು ವಿಷಯಕ್ಕೆ ವರ್ಷಕ್ಕೆ ಆರೇಳು ಹಾಳೆ ಸಾಕು. ದಿನಕ್ಕೆ ಇಬ್ಬರು ಮಕ್ಕಳ ಜೊತೆ ಮಾತಾಡಿದರೆ 40 ಮಕ್ಕಳ ತರಗತಿ ಸುಮಾರು ಒಂದು ತಿಂಗಳಲ್ಲಿ ಒಂದು ಸುತ್ತು ಮುಗಿಯುತ್ತದೆ. ಮುಖಪುಟದ ಅಲಂಕಾರ, ಇಂಡೆಕ್ಸ್, ಲ್ಯಾಮಿನೇಷನ್ ಎಲ್ಲ ಬಿಟ್ಟರೆ ಸಮಯ ಇನ್ನೂ ಉಳಿಯುತ್ತದೆ.

ವರ್ಷದ ಕೊನೆಗೆ ಈ ಫೈಲ್‌ಗಳು ಗಂಟು ಕಟ್ಟಿಸಿಕೊಂಡು ಸ್ಟೋರ್ ರೂಮ್ ಸೇರುವುದನ್ನು ನಿಲ್ಲಿಸಬೇಕು. ಅದರ ಆರೇಳು ಹಾಳೆ ಮುಂದಿನ ತರಗತಿಯ ಟೀಚರ್ ಕೈಗೆ ಹೋಗಲಿ. 35 ಅಂತ ಬರೆದ ಮಗು ಯಾವ ಚಿತ್ರದಿಂದ ಅರ್ಥ ಮಾಡಿಕೊಂಡಿತು ಅಂತ ಜೂನ್ ತಿಂಗಳಲ್ಲೇ ಅವರಿಗೆ ಗೊತ್ತಾದರೆ, ಭಿನ್ನರಾಶಿ ಪಾಠವನ್ನು ಆ ಮಗುವಿಗೆ ಎಲ್ಲಿಂದ ಶುರು ಮಾಡಬೇಕು ಅಂತಲೂ ಗೊತ್ತಾಗುತ್ತದೆ.