ನಾಳೆ ಎಂತದೋ ಇಲ್ಲವಂತೆ

ಮೇ ತಿಂಗಳಲ್ಲಿ ನಮ್ಮ ಕಡೆ ಬೆಳಿಗ್ಗೆ ಒಂಬತ್ತಕ್ಕೆ ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದರೆ ಬೆನ್ನಿನ ಅಚ್ಚು ಕುರ್ಚಿಯಲ್ಲೇ ಉಳಿದಿರುತ್ತದೆ. ಕಲಬುರಗಿಯ ಗೆಳೆಯನಿಗೆ ಫೋನಿನಲ್ಲಿ ‘ಇಲ್ಲಿ 34 ಡಿಗ್ರಿ, ಸೆಖೆ ತಡೆಯಲು ಆಗ್ತಿಲ್ಲ’ ಅಂದರೆ ನಗುತ್ತಾನೆ. ಅವನದ್ದು 42. ಆದರೆ ಅವನ ಅಂಗಿ ಒಣಗಿರುತ್ತದೆ. ನಮ್ಮದನ್ನು ಹಿಂಡಿ ಹಗ್ಗಕ್ಕೆ ಹಾಕಬಹುದು.

ಕುಂದಾಪುರದ ಹತ್ತಿರ, ಕಡಲಿಗೆ ಸಮನಾಗಿ ಉದ್ದಕ್ಕೆ ಹೋಗುವ ಒಂದು ರಸ್ತೆಯ ಪಕ್ಕದಲ್ಲಿ ನಮ್ಮ ಮನೆ. ಈ ಸೆಖೆಯಲ್ಲಿ ಮನೆಯವರೆಲ್ಲ ಒಟ್ಟಿಗೆ ಉಸಿರು ಹಿಡಿಯುವ ಒಂದು ಹೊತ್ತು ಇದೆ. ದೂರದಲ್ಲಿ ಗರಗರ ಅಂತ ಒಂದು ಸದ್ದು. ಆಮೇಲೆ ‘ಆತ್ಮೀಯ ಬಂಧುಗಳೇ...’ ಅಂತ ಒಂದು ಸ್ವರ. ತಕ್ಷಣ ಅಡುಗೆಮನೆಯಲ್ಲಿ ಮಿಕ್ಸಿ ನಿಲ್ಲುತ್ತದೆ. ಯಾರೋ ಫ್ಯಾನ್ ಆಫ್ ಮಾಡುತ್ತಾರೆ. ಮೇ ತಿಂಗಳಲ್ಲಿ ಫ್ಯಾನ್ ಆಫ್ ಮಾಡುವುದು ಅಂದರೆ ಸಣ್ಣ ತ್ಯಾಗ ಅಲ್ಲ. ದೊಡ್ಡಮ್ಮ ಕೈ ಎತ್ತಿ, ‘ಶ್! ಎಂತ ಹೇಳ್ತ ಕೇಣಿ’ ಅನ್ನುತ್ತಾರೆ. ಮೈಕಿನ ರಿಕ್ಷಾ ಬಂತು.

ಆ ರಿಕ್ಷಾವನ್ನು ಹತ್ತಿರದಿಂದ ನೋಡಬೇಕು. ಟಾಪಿನ ಮೇಲೆ ಎರಡು ಕಹಳೆ. ಒಂದರ ಬಾಯಿ ಮುಂದಕ್ಕೆ, ಒಂದರದ್ದು ಹಿಂದಕ್ಕೆ. ನೈಲಾನ್ ಹಗ್ಗದಿಂದ ಬಿಗಿದು, ಕೆಳಗೆ ಹಳೆಯ ಟಯರ್ ತುಂಡು ಕೊಟ್ಟಿರುತ್ತಾರೆ. ಇಲ್ಲದಿದ್ದರೆ ಪ್ರತಿ ಹೊಂಡಕ್ಕೂ ‘ಬಂಧುಗಳೇ’ ಎನ್ನುವುದು ‘ಬಂ-ಧು-ಗ-ಗ-ಳೇ’ ಆಗುತ್ತದೆ. ಹಿಂದಿನ ಸೀಟಿನಲ್ಲಿ ಪ್ರಯಾಣಿಕರ ಜಾಗದಲ್ಲಿ ಒಂದು ಬ್ಯಾಟರಿ, ಒಂದು ಆಂಪ್ಲಿಫೈಯರ್. ಮೊದಲೆಲ್ಲ ಒಬ್ಬ ಮನುಷ್ಯ ಮೈಕ್ ಹಿಡಿದು ಕೂರುತ್ತಿದ್ದ. ಜನ ಕಂಡಲ್ಲಿ ಸ್ವರ ಏರಿಸುತ್ತಿದ್ದ, ನೆಂಟರ ಮನೆ ಎದುರು ಎರಡು ಸಲ ಹೇಳುತ್ತಿದ್ದ. ಈಗ ಅವನ ಜಾಗಕ್ಕೆ ಪೆನ್‌ಡ್ರೈವ್ ಬಂದಿದೆ. ಅದಕ್ಕೆ ನೆಂಟರಿಲ್ಲ.

ನಮ್ಮೂರ ಅರ್ಧ ಸುದ್ದಿ ಬರುವುದು ಹೀಗೆ. ‘ಅರ್ಧ’ ಅಂದದ್ದು ಸುಮ್ನೆ ಅಲ್ಲ. ಪೂರ್ತಿ ಕೇಳಿದವರನ್ನು ನಾನು ಈ ತನಕ ಕಂಡಿಲ್ಲ.

ಒಂದು ಕಾರಣ ಗಾಳಿ. ನಮ್ಮಲ್ಲಿ ಎಡ ಬಲ ಅಂತ ಹೇಳುವುದು ಕಡಿಮೆ. ಪಡು, ಮೂಡು, ತೆಂಕು, ಬಡಗು ಅಂತಲೇ ಹೇಳುವುದು. ಅಕ್ಕಿ ಡಬ್ಬ ಕೂಡ ‘ಮೂಡು ಬದಿಯಲ್ಲಿ’ ಇರುತ್ತದೆ. ರಸ್ತೆಯಿಂದ ಕಡಲ ಕಡೆಗೆ, ಒಂದು ತೆಂಗಿನ ತೋಟ ದಾಟಿ ನಮ್ಮ ಮನೆ. ನಾವು ಪಡುಮನೆಯವರು. ರಸ್ತೆಯ ಆಚೆ, ಒಂದು ಗದ್ದೆ ದಾಟಿದರೆ ಮೂಡುಮನೆ. ಬಿಸಿಲು ಏರಿ ನೆಲ ಕಾದಾಗ ಅದರ ಮೇಲಿನ ಗಾಳಿ ಹಗುರಾಗಿ ಮೇಲೆ ಹೋಗುತ್ತದೆ. ಆ ಜಾಗಕ್ಕೆ ಕಡಲಿನ ತಂಪು ಗಾಳಿ ನುಗ್ಗುತ್ತದೆ. ಹನ್ನೊಂದು ಹನ್ನೆರಡರ ಹೊತ್ತಿಗೆ ತೆಂಗಿನ ಗರಿ ಅಲ್ಲಾಡಿತು ಅಂದರೆ ಪಡುಗಾಳಿ ಶುರುವಾಯಿತು ಅಂತಲೇ ಲೆಕ್ಕ. ಗಾಳಿ ಹೋಗುವ ದಿಕ್ಕಿಗೆ ಸದ್ದು ನೆಲಕ್ಕೆ ಬಾಗಿ ಹೋಗುತ್ತದೆ, ಎದುರುಗಾಳಿಗೆ ಮೇಲಕ್ಕೆ ಬಾಗಿ ತಲೆ ಮೇಲಿಂದ ಹಾರಿ ಹೋಗುತ್ತದೆ. ಹಾಗಾಗಿ ಮಧ್ಯಾಹ್ನದ ಸುದ್ದಿ ಮೂಡುಮನೆಗೆ. ಕಡಲ ತಂಪು ನಮಗೆ ಮೊದಲು, ಸುದ್ದಿ ಅವರಿಗೆ ಮೊದಲು. ಲೆಕ್ಕ ಸರಿ ಹೋಯಿತು.

ಮೂಡುಮನೆಯ ಅಕ್ಕ ಕೇಳಿದ್ದನ್ನು ಇಟ್ಟುಕೊಳ್ಳುವವರಲ್ಲ. ಗದ್ದೆಯ ಅಂಚಿಗೆ ಬಂದು ನಮ್ಮತ್ತ ತಿರುಗಿ ಕೂಗುತ್ತಾರೆ. ಅದೂ ನಮಗೆ ಕೇಳುವುದಿಲ್ಲ. ಅದೇ ಗಾಳಿ ತಾನೇ? ತೋಟದ ಸಂದಿಯಲ್ಲಿ ಅವರ ಕೈ ಆಡುವುದು ಮಾತ್ರ ಕಾಣುತ್ತದೆ. ಕಡೆಗೆ ಫೋನ್ ಮಾಡುತ್ತಾರೆ. ‘ಹ್ವಾಯ್, ಕೇಂಡ್ರ್ಯಾ? ನಾಳೆ ನೀರ್ ಬತ್ತಿಲ್ಯಂಬ್ರ್.’

ಈ ‘ಅಂಬ್ರ್’ ಅನ್ನುವುದು ಕುಂದಾಪ್ರ ಕನ್ನಡದ ‘ಅಂತೆ’. ಮೈಕಿನಲ್ಲಿ ‘ಈ ಮೂಲಕ ತಿಳಿಯಪಡಿಸಲಾಗಿದೆ’ ಅಂತ ಎದೆ ಉಬ್ಬಿಸಿಕೊಂಡು ಹೊರಟ ಸುದ್ದಿ ಗದ್ದೆ ದಾಟುವಷ್ಟರಲ್ಲಿ ‘ಅಂಬ್ರ್’ ಆಗಿರುತ್ತದೆ. ತಪ್ಪಾದರೆ ಹೇಳಿದವರ ಮೇಲೆ ಬರುವುದಿಲ್ಲ. ಅಂಬ್ರ್ ಅಂದಿದ್ದೆ ಅಲ್ವಾ?

ಇನ್ನೊಂದು ಕಾರಣ ನಮ್ಮ ಕನ್ನಡವೇ. ಕನ್ನಡದಲ್ಲಿ ವಾಕ್ಯದ ಗುಟ್ಟು ಇರುವುದು ಕಟ್ಟಕಡೆಯಲ್ಲಿ. ‘ನಾಳೆ ಬೆಳಿಗ್ಗೆ ಕಲ್ಯಾಣ ಮಂಟಪದ ಹತ್ತಿರ ಇರುವ ಎಲ್ಲ ಮನೆಗಳಿಗೂ ನೀರು...’ ಅಂತ ಹೇಳುತ್ತ ರಿಕ್ಷಾ ಮುಂದೆ ಹೋಗುತ್ತದೆ. ಬರುತ್ತದೆಯೋ, ಬರುವುದಿಲ್ಲವೋ? ಅದನ್ನು ಕೇಳುವ ಭಾಗ್ಯ ಬಡಗು ತಿರುವಿನ ಅಂಗಡಿಯವರಿಗೆ. ಆದರೆ ಅವರಿಗೆ ಯಾವುದು ಬರುವುದಿಲ್ಲ ಅಂತ ಗೊತ್ತಿಲ್ಲ. ನಮ್ಮ ಹತ್ತಿರ ನೀರು ಇದೆ, ಅವರ ಹತ್ತಿರ ‘ಬರುವುದಿಲ್ಲ’ ಇದೆ. ಸಂಜೆ ಹಾಲಿಗೆ ಹೋದಾಗ ಎರಡನ್ನೂ ಜೋಡಿಸಿ ನೋಡುತ್ತೇವೆ.

ಹೋದ ವರ್ಷದ ಕತೆ ಹೇಳುತ್ತೇನೆ. ಬೆಳಿಗ್ಗೆ ಎಂಟರ ಹೊತ್ತು, ಗಾಳಿ ಪಡುವೂ ಅಲ್ಲ ಮೂಡುವೂ ಅಲ್ಲ. ರಿಕ್ಷಾ ಬಂತು. ‘ಸಾರ್ವಜನಿಕರ ಗಮನಕ್ಕೆ. ನಾಳೆ ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರ ತನಕ...’ ಸರಿಯಾಗಿ ಅಷ್ಟರಲ್ಲಿ ಮೀನಿನವನ ಬೈಕು. ಪೋಂ ಪೋಂ ಪೋಂ. ಅವನ ಹಾರ್ನ್ ನಿಲ್ಲುವಾಗ ರಿಕ್ಷಾ ಕೊನೆಯ ಮಾತು ಹೇಳುತ್ತಿತ್ತು. ‘ಸಹಕರಿಸಬೇಕಾಗಿ ವಿನಂತಿ.’

‘ಸಹಕರಿಸಬೇಕಾಗಿ’ ಅಂದರೆ ಏನೋ ಒಂದು ಇರುವುದಿಲ್ಲ ಅಂತಲೇ ಅರ್ಥ. ಇರುವುದಾದರೆ ಯಾರೂ ಸಹಕಾರ ಕೇಳುವುದಿಲ್ಲ. ಪ್ರಶ್ನೆ ಒಂದೇ. ನೀರೋ, ಕರೆಂಟೋ?

ದೊಡ್ಡಮ್ಮ ನೀರು ಅಂದರು. ಹಂಡೆ, ಕೊಡಪಾನ, ಬಕೆಟ್, ಕೊನೆಗೆ ಮುಂಬೈಯಿಂದ ಬಂದ ಮಕ್ಕಳು ಆಡುವ ಪ್ಲಾಸ್ಟಿಕ್ ಟಬ್ಬಿಗೂ ನೀರು ತುಂಬಿತು. ಬಾವಿ ಇಲ್ಲವಾ ಅಂತ ಕೇಳಬೇಡಿ. ಮೇ ತಿಂಗಳಲ್ಲಿ ಕಡಲ ಬದಿಯ ಬಾವಿಯ ನೀರು ಬಾಯಿಗೆ ಹಾಕಿದರೆ ಗಂಜಿಗೆ ಉಪ್ಪು ಬೇಡ. ಸಿಹಿನೀರು ಕೆಳಗೆ ಇಳಿದಷ್ಟೂ ಕಡಲಿನದ್ದು ಒಳಗೆ ಬರುತ್ತದೆ. ಮೂಡುಮನೆಯ ಅಕ್ಕ ಕರೆಂಟು ಅಂದರು. ಅವರ ಮಾತನ್ನೂ ತೆಗೆದುಹಾಕುವ ಹಾಗಿಲ್ಲ. ಹಾಗಾಗಿ ಎರಡು ದಿನಕ್ಕೆ ಆಗುವಷ್ಟು ದೋಸೆ ಹಿಟ್ಟು ಒಂದೇ ಸಲ ರುಬ್ಬಿ ಇಟ್ಟೆವು. ಇದ್ದಬದ್ದ ಫೋನೆಲ್ಲ ಚಾರ್ಜಿಗೆ.

ಮಾರನೇ ದಿನ ಒಂಬತ್ತಾಯಿತು. ನಲ್ಲಿ ತಿರುಗಿಸಿದರೆ ನೀರು. ಸ್ವಿಚ್ ಹಾಕಿದರೆ ಫ್ಯಾನು. ಆ ವಾರ ಎರಡೂ ಅಷ್ಟು ಚೆನ್ನಾಗಿ ಇದ್ದದ್ದು ಅದೇ ದಿನ. ಮಂಗಳೂರಿಗೆ ಹೊರಟ ಚಿಕ್ಕಪ್ಪ ಹತ್ತೇ ನಿಮಿಷಕ್ಕೆ ವಾಪಸ್ ಬಂದರು. ಇರದಿದ್ದದ್ದು ರಸ್ತೆ. ಮೋರಿ ಕೆಲಸಕ್ಕೆ ಅಗೆದು ಅಡ್ಡ ಕಟ್ಟಿದ್ದರು. ರುಬ್ಬಿಟ್ಟ ಹಿಟ್ಟು ಸೆಖೆಗೆ ಉಬ್ಬಿ, ಪಾತ್ರೆಯ ಮುಚ್ಚಳ ಎತ್ತಿ, ಕಟ್ಟೆಯ ಮೇಲಿಂದ ಇಳಿದು, ಅಡುಗೆಮನೆಯ ಬಾಗಿಲ ತನಕ ಬಂದಿತ್ತು. ಮೂರು ದಿನ ಹುಳಿ ದೋಸೆ ತಿಂದೆವು. ಮುಂಬೈ ಮಕ್ಕಳು ಅದೇ ಊರಿನ ದೋಸೆಯ ರುಚಿ ಅಂದುಕೊಂಡು ಹೋದರು.

ಬೇಸಿಗೆಯಲ್ಲಿ ಮೈಕಿಗೆ ಬಿಡುವಿಲ್ಲ. ಕಲ್ಲಂಗಡಿ, ನಾಯಿಗಳಿಗೆ ರೇಬಿಸ್ ಲಸಿಕೆ, ಕಣ್ಣಿನ ತಪಾಸಣೆ, ವಾರ್ಷಿಕೋತ್ಸವ. ಚುನಾವಣೆ ಬಂದರೆ ಕೇಳಲೇ ಬೇಡಿ. 2023ರ ಮೇ 10ಕ್ಕೆ ವಿಧಾನಸಭೆಗೆ ಮತ, 2024ರ ಏಪ್ರಿಲ್ 26ಕ್ಕೆ ನಮ್ಮಲ್ಲಿ ಲೋಕಸಭೆಗೆ. ಎರಡೂ ಸುಡುವ ಸೆಖೆಯಲ್ಲೇ ಬಂದವು. ಆಗ ಫ್ಯಾನ್ ಆಫ್ ಮಾಡುವವರಿಲ್ಲ.

ಆದರೆ ಮೈಕಿನ ರಿಕ್ಷಾಕ್ಕೆ ನಿಜವಾದ ಕಳೆ ಬರುವುದು ಆಟದ ದಿನ. ಆಟ ಅಂದರೆ ನಮ್ಮಲ್ಲಿ ಯಕ್ಷಗಾನ. ಮಳೆ ಮುಗಿದು ತಿರುಗಾಟಕ್ಕೆ ಹೊರಟ ಮೇಳಗಳು ಹತ್ತನಾವಧಿಗೆ, ಅಂದರೆ ವೃಷಭ ಮಾಸದ ಹತ್ತನೇ ದಿನದ ಹೊತ್ತಿಗೆ, ಮೇ 24ರ ಆಸುಪಾಸಿನಲ್ಲಿ, ಗೆಜ್ಜೆ ಬಿಚ್ಚುತ್ತವೆ. ಅದಕ್ಕಾಗಿ ಮೇ ತಿಂಗಳಲ್ಲಿ ಅವಸರ ಜಾಸ್ತಿ. ರಿಕ್ಷಾದಲ್ಲಿ ಮೊದಲು ಚಂಡೆ, ಆಮೇಲೆ ಭಾಗವತರ ಎರಡು ಸಾಲು, ಆಮೇಲೆ ‘ಇಂದು ರಾತ್ರಿ’. ದೊಡ್ಡಮ್ಮನಿಗೆ ಪ್ರಸಂಗದ ಹೆಸರು ಬೇಡ, ಸ್ಥಳವೂ ಬೇಡ. ಚಂಡೆಯ ಪೆಟ್ಟು ಕೇಳಿದರೆ ಸಾಕು, ಕಾಲು ಅಲ್ಲಾಡುತ್ತದೆ. ‘ಕಾಲಮಿತಿ ಪ್ರದರ್ಶನ’ ಅಂತ ಕೇಳಿದಾಗ ಮಾತ್ರ ಮುಖ ಸಿಂಡರಿಸುತ್ತಾರೆ. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಮೈಕ್ ಹಚ್ಚಬಾರದು ಅಂತ 2000ದಲ್ಲೇ ನಿಯಮ ಬಂದಿದೆ. ಈಗ ಎಷ್ಟೋ ಕಡೆ ಆಟ ಬೇಗ ಮುಗಿಯುತ್ತದೆ. ‘ಬೆಳಗಾಗುವ ಮುಂಚೆ ಮನೆಗೆ ಬಪ್ಪುದಾದ್ರೆ ಹೋಪ್ದು ಎಂತಕ್ಕೆ?’ ಅಂತ ಅವರ ಪ್ರಶ್ನೆ. ಬೆಳಗಿನ ಜಾವ ಚಾಪೆ ಕಂಕುಳಲ್ಲಿ ಇಟ್ಟುಕೊಂಡು, ಅರ್ಧ ನಿದ್ದೆಯಲ್ಲಿ ಗದ್ದೆ ಅಂಚಿನಲ್ಲಿ ನಡೆದು ಬಂದವರಿಗೆ ಮಾತ್ರ ಆ ಪ್ರಶ್ನೆ ಅರ್ಥವಾಗುತ್ತದೆ.

ಅವರ ಕಾಲದಲ್ಲಿ ರಿಕ್ಷಾ ಇರಲಿಲ್ಲ, ಕಾರು. ಟೆಂಟಿನ ಆಟ ಬಂದರೆ ಕಾರಿನ ಕಿಟಕಿಯಿಂದ ಗುಲಾಬಿ, ಹಳದಿ ನೋಟೀಸು ಹಾರಿಸುತ್ತಿದ್ದರಂತೆ. ಮಕ್ಕಳು ಧೂಳಿನಲ್ಲಿ ಹಿಂದೆ ಓಡುತ್ತಿದ್ದರು. ಆ ಸುದ್ದಿಯೂ ಗಾಳಿಯ ಕೈಯಲ್ಲೇ ಇತ್ತು ನೋಡಿ. ಆದರೆ ಕಾಗದವನ್ನು ಓಡಿ ಹಿಡಿಯಬಹುದಿತ್ತು.

ಒಂದು ಮಾತು ಹೇಳಬೇಕು. ನಿಜವಾಗಿ ಬೇಕಾದ ಸುದ್ದಿ ಯಾವುದನ್ನೂ ಮೈಕಿನಲ್ಲಿ ಹೇಳುವುದಿಲ್ಲ. ಯಾರ ಮನೆ ಬಾವಿಯಲ್ಲಿ ಎಷ್ಟು ನೀರಿದೆ, ಯಾರ ಮಗನಿಗೆ ಪರೀಕ್ಷೆಯಲ್ಲಿ ಎಷ್ಟು ಬಂತು, ಇದೆಲ್ಲ ಬಾಯಿಯಲ್ಲೇ ಬರಬೇಕು. ಮಲ್ಲಿಗೆಯ ದರವೂ ಹಾಗೆ. ಮದುವೆ ಸೀಸನ್ನಿನಲ್ಲಿ ಶಂಕರಪುರದ ಮಲ್ಲಿಗೆ ಅಟ್ಟೆಗೆ ಎಷ್ಟು ಅಂತ ದೊಡ್ಡಮ್ಮನಿಗೆ ದಿನಾ ಗೊತ್ತಾಗಬೇಕು. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಚೆಂಡಿಗೆ 800ರಂತೆ 3200 ಮೊಗ್ಗು. ಅವರು ಕೊಳ್ಳುವುದು ಒಂದು ಗೇಣು. ದರ ಮಾತ್ರ ಅಟ್ಟೆಯದ್ದೇ ಬೇಕು.

ಈಗ ಮೈಕಿನಲ್ಲಿ ಬರುವುದೆಲ್ಲ ಫೋನಿನಲ್ಲೂ ಬರುತ್ತದೆ. ಊರಿನ ಗ್ರೂಪಿನಲ್ಲಿ ಒಂದೇ ನೋಟೀಸನ್ನು ಹನ್ನೊಂದು ಜನ ಕಳಿಸುತ್ತಾರೆ. ಗುಡ್ ಮಾರ್ನಿಂಗ್ ಗುಲಾಬಿ, ನೋಟೀಸು, ಮತ್ತೆ ಗುಲಾಬಿ. ವಾಕ್ಯ ಪೂರ್ತಿ ಇರುತ್ತದೆ, ಕ್ರಿಯಾಪದ ಸಮೇತ. ಆದರೆ ಅದರಲ್ಲಿ ‘ನಾಳೆ’ ಅಂತ ಇದ್ದರೆ ಅದು ಯಾವ ನಾಳೆ? ಎರಡು ವರ್ಷದ ಹಿಂದಿನ ನಾಳೆಯನ್ನು ಯಾರೋ ಇವತ್ತು ಫಾರ್ವರ್ಡ್ ಮಾಡಿರುತ್ತಾರೆ. ರಿಕ್ಷಾದ ನಾಳೆ ಮಾತ್ರ ಗ್ಯಾರಂಟಿ ನಾಳೆಯೇ. ಬಾಡಿಗೆ ಕೊಟ್ಟು ಹಳೆಯ ನಾಳೆಯನ್ನು ಊರು ಸುತ್ತಿಸುವವರಿಲ್ಲ.

ಒಮ್ಮೆ ಆ ರಿಕ್ಷಾದ ಅಣ್ಣ ಚಾ ಅಂಗಡಿಯಲ್ಲಿ ಸಿಕ್ಕಿದ. ಸ್ವಲ್ಪ ನಿಧಾನ ಹೋಗಬಾರದಾ ಅಂತ ಕೇಳಿದೆ. ‘ನಿಧಾನ ಹೋದ್ರೆ ಜನ ಅಡ್ಡ ಹಾಕಿ, ಎಂತ ಹೇಳ್ದೆ, ಇನ್ನೊಂದ್ಸಲ ಹೇಳ್ ಅಂತ್ರ್. ಹೇಳುಕೆ ನಂಗ್ ಗೊತ್ತಿದ್ರೆ ಅಲ್ದಾ?’ ಅಂದ. ಬೆಳಿಗ್ಗೆಯಿಂದ ಅದೇ ರಿಕ್ಷಾದಲ್ಲಿ ಕೂತು ಊರಿಗೆಲ್ಲ ಸಾರಿ ಬಂದಿದ್ದ. ಹಾಗಾದರೆ ಇವತ್ತಿನದ್ದು ಎಂತ ಅಂತ ಕೇಳಿದರೆ ಗ್ಲಾಸು ಕೆಳಗಿಟ್ಟು ತುಸು ಯೋಚಿಸಿದ. ‘ಪೆನ್‌ಡ್ರೈವಲ್ಲಿತ್ತ್’ ಅಂದ.

ಮೇ ಕೊನೆಗೆ ಎಲ್ಲ ಒಂದೊಂದೇ ಕಟ್ಟಿಡುವ ಕೆಲಸ. ಜೂನ್ 1ರಿಂದ ಜುಲೈ 31ರ ತನಕ, 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಗಂಗೊಳ್ಳಿಯ ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ಒತ್ತಿ ನಿಲ್ಲುತ್ತವೆ. ಮನೆಗಳಲ್ಲಿ ಒಣ ಚಟ್ಲಿಯ, ಅಂದರೆ ಒಣ ಸಿಗಡಿಯ ಡಬ್ಬ ತುಂಬುತ್ತದೆ. ಹಲಸಿನ ಹಪ್ಪಳ ಅಟ್ಟಕ್ಕೆ ಏರುತ್ತದೆ. ಮುಂಬೈ ಮಕ್ಕಳು ರೈಲು ಹತ್ತುತ್ತಾರೆ. ರಿಕ್ಷಾದ ಅಣ್ಣ ಹಗ್ಗ ಬಿಚ್ಚಿ ಕಹಳೆ ಇಳಿಸುತ್ತಾನೆ. ಶಾಲೆ ಶುರುವಾದರೆ ಅದೇ ರಿಕ್ಷಾದಲ್ಲಿ ಮಕ್ಕಳು. ಸದ್ದೇನೂ ಕಡಿಮೆ ಆಗುವುದಿಲ್ಲ.

ಈ ಸಲ ಕಹಳೆ ಇಳಿಸುವ ಮುಂಚಿನ ದಿನ ಸಂಜೆ ಘಟ್ಟದ ಕಡೆ ಕಪ್ಪಾಯಿತು. ಗಾಳಿ ತಿರುಗಿತು. ಅಪರೂಪಕ್ಕೆ ಮೂಡುಗಾಳಿ. ರಸ್ತೆಯ ಸದ್ದೆಲ್ಲ ನೇರ ನಮ್ಮ ಜಗಲಿಗೆ. ‘ಆತ್ಮೀಯ ಬಂಧುಗಳೇ’ ಎಷ್ಟು ಸ್ಪಷ್ಟ ಬಂತೆಂದರೆ, ನಮ್ಮನ್ನೇ ಕರೆದ ಹಾಗೆ. ‘ನಾಳೆ ಬೆಳಿಗ್ಗೆಯಿಂದ’ ಅನ್ನುವುದೂ ಬಂತು. ಆಮೇಲೆ ಗುಡುಗಿತು. ಗುಡುಗು ಮುಗಿಯುವಾಗ ‘ಇರುವುದಿಲ್ಲ’ ಅನ್ನುತ್ತ ರಿಕ್ಷಾ ತಿರುವಿನಲ್ಲಿತ್ತು.

ಫೋನ್ ಬಂತು. ಮೂಡುಮನೆಯ ಅಕ್ಕ. ಅವರಿಗೆ ಒಂದಕ್ಷರವೂ ಕೇಳಿರಲಿಲ್ಲ.

‘ಹ್ವಾಯ್, ಎಂತ ಅಂಬ್ರ್?’

‘ನಾಳೆ ಎಂತದೋ ಇಲ್ಯಂಬ್ರ್’ ಅಂದೆ.

‘ಹಾಂಗಾರೆ ನೀರ್ ತುಂಬ್ಸಿ ಇಡ್ತೆ’ ಅಂತ ಫೋನ್ ಇಟ್ಟರು. ಗದ್ದೆಯ ಆಚೆಯಿಂದ ಬಕೆಟ್ ಸದ್ದು ಬರತೊಡಗಿತು. ನಮ್ಮ ಹಂಚಿನ ಮೇಲೆ ಮೊದಲ ದಪ್ಪ ಹನಿ ಟಪ್ ಅಂತ ಬಿತ್ತು.