ರಿವರ್ಸ್-ಫ್ಲ್ಯಾಶ್‌ನನ್ನು ಬ್ಯಾಟ್‌ಮನ್ ಸೋಲಿಸಿದ್ದನೇ? ಒಂದು ಸ್ಪಷ್ಟನೆ

ಬ್ಯಾಟರಾಂಗ್ (ಬಾವಲಿ ಆಕಾರದ ಎಸೆಯುವ ಆಯುಧ) ಚುಚ್ಚಿ, ಮಿಂಚಿನ ವೇಗದ ಖಳನಾಯಕ ರಿವರ್ಸ್-ಫ್ಲ್ಯಾಶ್‌ನನ್ನು ಬ್ಯಾಟ್‌ಮನ್ ಒಂದೇ ನಿಮಿಷದಲ್ಲಿ ಸೋಲಿಸಿದ ಎಂಬ ಚಿತ್ರ ಹರಿದಾಡುತ್ತಿದೆ. ಚಿತ್ರ ಅಸಲಿ, ಅರ್ಥ ತಪ್ಪು.

ಅದು 2017ರ ಬ್ಯಾಟ್‌ಮನ್ ಕಾಮಿಕ್‌ನ 21ನೇ ಸಂಚಿಕೆ, ‘ದಿ ಬಟನ್’ ಕಥೆಯ ಮೊದಲ ಭಾಗ. ಬ್ಯಾಟ್‌ಮನ್‌ನ ಗೆಳೆಯ, ಅತಿವೇಗದ ಓಟಗಾರ ಫ್ಲ್ಯಾಶ್ ಒಂದು ನಿಮಿಷದಲ್ಲಿ ಬರುತ್ತೇನೆಂದಿದ್ದ. ಅಷ್ಟರಲ್ಲೇ ಥಾನ್ (ರಿವರ್ಸ್-ಫ್ಲ್ಯಾಶ್‌ನ ನಿಜನಾಮ) ಬ್ಯಾಟ್‌ಮನ್‌ನ ಗುಪ್ತ ನೆಲೆಯಾದ ಬ್ಯಾಟ್‌ಕೇವ್‌ಗೆ ನುಗ್ಗುತ್ತಾನೆ. ಬ್ಯಾಟ್‌ಮನ್, ಅಂದರೆ ಬ್ರೂಸ್ ವೇಯ್ನ್‌ಗೆ ಬೇಕಿದ್ದದ್ದು ಗೆಲುವಲ್ಲ, ಸಮಯ. ಸೆಕೆಂಡುಗಳ ಎಣಿಕೆಯೂ ಪುಟಗಳ ಮೇಲೆಯೇ ಓಡುತ್ತದೆ.

ಎಷ್ಟೇ ವೇಗಿಯಾದರೂ ಹೊಡೆಯಲು ಕೈಯಳತೆಗೆ ಬರಲೇಬೇಕು. ಥಾನ್‌ಗೋ ಎದುರಾಳಿಯನ್ನು ಸತಾಯಿಸುವ ಚಟ. ಬ್ರೂಸ್‌ಗೆ ಅವನ ತಂದೆ ಬರೆದ ಪತ್ರವನ್ನೂ ಅವನ ಕಣ್ಣೆದುರೇ ಹರಿಯುತ್ತಾನೆ. ಬ್ಯಾಟರಾಂಗ್ ನಾಟುವುದು ಥಾನ್‌ನ ಪಾದಕ್ಕೆ. ಓಟಗಾರನಿಗೆ ಪಾದವೇ ಎಂಜಿನ್, ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಅದರಿಂದ ಸಿಕ್ಕಿದ್ದು ಕೆಲವೇ ಕ್ಷಣ. ಆಮೇಲೆ ಪೆಟ್ಟು ತಿಂದು ನೆಲಕಚ್ಚಿದವನು ಬ್ಯಾಟ್‌ಮನ್ನೇ.

ಥಾನ್ ಸತ್ತದ್ದು ಆ ಗಾಯದಿಂದಲೂ ಅಲ್ಲ. ಕಥೆಗೆ ಹೆಸರು ಕೊಟ್ಟ ಬಟನ್ (ರಕ್ತದ ಕಲೆಯಿರುವ ನಗುಮುಖದ ಬ್ಯಾಡ್ಜ್) ಎತ್ತಿಕೊಂಡ ಕೂಡಲೇ ಮಾಯವಾಗಿ, ಅರ್ಧ ದೇಹ ಸುಟ್ಟು ಮರಳಿ, ದೇವರನ್ನು ಕಂಡೆನೆಂದು ಹೇಳಿ ಸಾಯುತ್ತಾನೆ.

ಗೊಂದಲಕ್ಕೆ ಇನ್ನೊಂದು ಮೂಲವೂ ಇರಬಹುದು: ಇತಿಹಾಸವೇ ಬದಲಾದ ಪರ್ಯಾಯ ಲೋಕದ ಕಥೆಯಾದ 2011ರ ‘ಫ್ಲ್ಯಾಶ್‌ಪಾಯಿಂಟ್’ನಲ್ಲಿ ಥಾನ್‌ನನ್ನು ಬೆನ್ನ ಹಿಂದಿನಿಂದ ಕತ್ತಿಯಿಂದ ಇರಿದು ಕೊಂದವನೂ ಬ್ಯಾಟ್‌ಮನ್ನೇ. ಆದರೆ ಅವನು ಬ್ರೂಸ್ ಅಲ್ಲ, ಆ ಲೋಕದಲ್ಲಿ ಬ್ಯಾಟ್‌ಮನ್ ಆಗಿದ್ದ ಅವನ ತಂದೆ ಥಾಮಸ್ ವೇಯ್ನ್.